ಪ್ಲಸ್ ಮೇಲೆ ಪ್ಲಸ್: ಮಂತ್ರಕವಚಗಳ ಲೆಕ್ಕಾಚಾರ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಒಂದು ಪೆಟ್ಟಿಗೆ ಮಾರಾಟಕ್ಕೆ ಬಂತು. ಒಳಗೆ ಮೂರು ತೆಳು ಪುಸ್ತಿಕೆಗಳು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಬರೆದ ಆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದಲೇ ಇವತ್ತಿನ ರೋಲ್‌ಪ್ಲೇಯಿಂಗ್ ಆಟಗಳೆಲ್ಲ ಕವಲೊಡೆದಿವೆ. ಎರಡನೆಯ ಪುಸ್ತಿಕೆಯಲ್ಲಿ, ನಿಧಿಗಳ ವಿವರದ ನಡುವೆ, ಮಂತ್ರ ಹಾಕಿದ ಕವಚ ಮತ್ತು ಗುರಾಣಿಯ ಬಗ್ಗೆ ಒಂದು ವಿಚಿತ್ರ ನಿಯಮವಿದೆ. ಕವಚಕ್ಕೂ ಮಂತ್ರಬಲವಿದೆ, ಗುರಾಣಿಗೂ ಇದೆ ಎಂದಿಟ್ಟುಕೊಳ್ಳಿ. ಎರಡನ್ನೂ ಸುಮ್ಮನೆ ಕೂಡಿಸುವಂತಿಲ್ಲ. ಲೆಕ್ಕಕ್ಕೆ ಬರುವುದು ಕವಚದ್ದು. ಗುರಾಣಿಯ ಬಲ ಕವಚದ್ದಕ್ಕಿಂತ ಹೆಚ್ಚಿದ್ದರೆ, ಏಟು ಗುರಾಣಿಗೆ ಬೀಳುವ ಸಾಧ್ಯತೆ ಮೂರರಲ್ಲಿ ಒಂದು. ಬಿದ್ದರೆ ಮಾತ್ರ ಆ ಹೆಚ್ಚಿನ ರಕ್ಷಣೆ.

ಅಂದರೆ ಆಟ ಹುಟ್ಟಿದ ವರ್ಷವೇ ಪ್ರಶ್ನೆಯೂ ಹುಟ್ಟಿತ್ತು: ಒಂದು ಮಂತ್ರದ ಮೇಲೆ ಇನ್ನೊಂದು ಮಂತ್ರ ಹೇರಿದರೆ ಎರಡೂ ನಿಲ್ಲುತ್ತವೆಯೇ? ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಯಲ್ಲಾಗಲಿ, ಬಾಸ್ಟನ್ನಿನ ಹಾಸ್ಟೆಲಿನಲ್ಲಾಗಲಿ, ಆಟಗಾರರು ಇದನ್ನು ಎರಡೇ ಮಾತಿನಲ್ಲಿ ಕೇಳುತ್ತಾರೆ: ‘ಸ್ಟ್ಯಾಕ್ ಆಗುತ್ತಾ?’ ಐವತ್ತು ವರ್ಷಗಳಲ್ಲಿ ಇದಕ್ಕೆ ಬಂದ ಉತ್ತರಗಳು ಒಂದಲ್ಲ, ಎರಡಲ್ಲ. ಮೇಲ್ನೋಟಕ್ಕೆ ಇದು ಗುಮಾಸ್ತಿಕೆಯ ವಿಷಯ. ಆದರೆ ಆಯಾ ಕಾಲದ ಆಟ ‘ಮಂತ್ರ ಎಂದರೆ ಏನು’ ಎಂದು ಭಾವಿಸಿತ್ತು ಅನ್ನುವುದು ಬೇರೆಲ್ಲೂ ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್. ಲೋಕವನ್ನು, ರಾಕ್ಷಸರನ್ನು, ಹವಾಮಾನವನ್ನು ನಡೆಸುವವರು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಯೋಧ, ಮಾಂತ್ರಿಕೆ, ಕಳ್ಳ, ಪೂಜಾರಿ. ಕತ್ತಿ ಬೀಸಿದಾಗ ಏಟು ತಗುಲಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ಬಿದ್ದ ಸಂಖ್ಯೆಗೆ ಹೊಡೆಯುವವನ ಬಲ ಸೇರಿಸಬೇಕು. ಅದು ಎದುರಾಳಿಯ ‘ಆರ್ಮರ್ ಕ್ಲಾಸ್’ ಎಂಬ ಅಂಕವನ್ನು ಮುಟ್ಟಿದರೆ ಏಟು ಬಿತ್ತು. ಮಂತ್ರ ಹಾಕಿದ ಕವಚವನ್ನು +1, +2, +3 ಎಂದು ಕರೆಯುತ್ತಾರೆ. ಆ ಅಂಕ ಅಷ್ಟರಮಟ್ಟಿಗೆ ಏರುತ್ತದೆ.

ತಕರಾರಿನ ಬೇರು ಇರುವುದು ಈ ದಾಳದಲ್ಲೇ. ಒಂದು ಪ್ಲಸ್ ಎಂದರೆ ದಾಳದ ಒಂದು ಮುಖ, ನೂರಕ್ಕೆ ಐದು. ಹಾಗೆ ನೋಡಿದರೆ ಎಲ್ಲ ಪ್ಲಸ್‌ಗಳೂ ಸಮ. ಆದರೆ ತಿನ್ನುವ ಏಟಿನ ಲೆಕ್ಕ ಹಾಗಿಲ್ಲ. ರಾಕ್ಷಸನಿಗೆ ದಾಳದ ಹತ್ತು ಮುಖಗಳಲ್ಲಿ ಏಟು ಸಿಗುತ್ತಿತ್ತು ಎನ್ನಿ. ನೀವು +1 ಕವಚ ತೊಟ್ಟರೆ ಒಂಬತ್ತಾಗುತ್ತದೆ. ಬೀಳುವ ಏಟುಗಳು ಹತ್ತನೆಯ ಒಂದು ಭಾಗ ಕಡಿಮೆ. ಅವನಿಗೆ ಬರೀ ಎರಡು ಮುಖ ಉಳಿದಿರುವಾಗ ಇನ್ನೊಂದು +1 ಸಿಕ್ಕರೆ? ಎರಡು ಒಂದಾಗುತ್ತದೆ, ಏಟುಗಳು ಅರ್ಧಕ್ಕರ್ಧ ಇಳಿದವು. ಅದೇ ಪ್ಲಸ್, ಐದು ಪಟ್ಟು ಬೆಲೆ. ಇದ್ದವನಿಗೇ ಇನ್ನಷ್ಟು ಲಾಭ. ಹಾಗಾಗಿ ರಕ್ಷಣೆಯನ್ನು ಪೇರಿಸುವ ಆಟಗಾರ ಎಲ್ಲಿಯೂ ನಿಲ್ಲುವುದಿಲ್ಲ. ನಿಲ್ಲಿಸುವುದು ದಾಳದ ಕೊನೆಯ ಮುಖ: ಈಚಿನ ಆವೃತ್ತಿಗಳಲ್ಲಿ 20 ಬಿದ್ದರೆ ಎಂಥ ಕವಚವಿದ್ದರೂ ಏಟು ಬಿದ್ದೇ ಬೀಳುತ್ತದೆ. ಅಲ್ಲಿಗೆ ಮುಟ್ಟಿದ ಯೋಧನ ಮುಂದೆ ಡಂಜನ್ ಮಾಸ್ಟರ್ ತಂದು ನಿಲ್ಲಿಸುವ ಸೈನ್ಯ ಬರೀ ಅಲಂಕಾರ. ಇವನಿಗೆ ತಗಲುವಂಥ ರಾಕ್ಷಸನನ್ನು ತಂದರೋ, ಪಕ್ಕದಲ್ಲಿ ಹತ್ತಿಯ ಅಂಗಿ ತೊಟ್ಟು ನಿಂತ ಮಾಂತ್ರಿಕೆ ಮೊದಲ ಸುತ್ತಿಗೇ ಮಲಗುತ್ತಾಳೆ. ಸ್ಟ್ಯಾಕಿಂಗ್ ನಿಯಮಗಳಿರುವುದು ರಾಕ್ಷಸರ ಮೇಲಿನ ಕನಿಕರಕ್ಕಲ್ಲ, ಒಂದೇ ಮೇಜಿನ ಇಬ್ಬರು ಆಟಗಾರರು ಒಂದೇ ಕಾಳಗದಲ್ಲಿ ಇರುವಂತಾಗಲಿ ಎಂದು.

ಅಡ್ವಾನ್ಸ್ಡ್ ಡಿ ಅಂಡ್ ಡಿ, 1979ರ ಡಂಜನ್ ಮಾಸ್ಟರ್‌ಗಳ ಕೈಪಿಡಿಯಲ್ಲಿ, ಈ ಕೆಲಸವನ್ನು ವಸ್ತು ವಸ್ತುವಿನ ವಿವರಣೆಗೆ ಬಿಟ್ಟಿತು. ಸಾಮಾನ್ಯ ಸೂತ್ರ ಅಂತ ಒಂದಿಲ್ಲ. ರಕ್ಷಣೆಯ ಉಂಗುರದ ಕೆಳಗೆ ಉಂಗುರದ ಷರತ್ತು, ರಕ್ಷಣೆಯ ಮೇಲಂಗಿಯ ಕೆಳಗೆ ಅದರದ್ದು. ಉಂಗುರ ಬೇರೆಲ್ಲ ರಕ್ಷಕ ವಸ್ತುಗಳ ಜೊತೆ ಕೂಡುತ್ತದೆ; ಆದರೆ ಮಂತ್ರಕವಚ ತೊಟ್ಟಿದ್ದರೆ ಆರ್ಮರ್ ಕ್ಲಾಸಿಗೆ ಏನನ್ನೂ ಸೇರಿಸುವುದಿಲ್ಲ, ವಿಷ ಮಾಟ ಇತ್ಯಾದಿಗಳನ್ನು ತಡೆಯುವ ಸೇವಿಂಗ್ ಥ್ರೋಗೆ ಮಾತ್ರ ನೆರವಾಗುತ್ತದೆ. ಎರಡು ಉಂಗುರ ಹಾಕಿಕೊಂಡರೆ ಬಲವಾದದ್ದು ಮಾತ್ರ ಕೆಲಸ ಮಾಡುತ್ತದೆ. ಮೇಲಂಗಿಯನ್ನು ಚರ್ಮದ ಕವಚದ ಮೇಲೆ ಹೊದೆಯಬಹುದು. ಲೋಹದ ಕವಚದ ಮೇಲೆ ಅದು ಸತ್ತ ಬಟ್ಟೆ. ಮುಂಗೈಪಟ್ಟಿಗಳು ಕವಚವನ್ನೇ ತೊಟ್ಟಷ್ಟು ರಕ್ಷಣೆ ಕೊಡುತ್ತವೆ, ನಿಜವಾದ ಕವಚ ಮೈಮೇಲಿದ್ದರೆ ಅವಕ್ಕೆ ಕೆಲಸವಿಲ್ಲ. ಉಂಗುರ, ಮೇಲಂಗಿಗಳ ಜೊತೆ ಮಾತ್ರ ಸಲೀಸಾಗಿ ಹೊಂದಿಕೊಳ್ಳುತ್ತವೆ.

ಓದುವಾಗ ಇದು ಮನಸ್ಸಿಗೆ ಬಂದಂತೆ ಬರೆದಂತಿದೆ. ಲೆಕ್ಕ ಹಾಕಿದರೆ ಒಳಗಿನ ಉದ್ದೇಶ ತಿಳಿಯುತ್ತದೆ. ಆ ಕಾಲದಲ್ಲಿ ಆರ್ಮರ್ ಕ್ಲಾಸ್ ಕೆಳಗಿಳಿದಷ್ಟೂ ಒಳ್ಳೆಯದು: ಬರಿಮೈಗೆ 10, ಪ್ಲೇಟ್ ಕವಚಕ್ಕೆ 3. ಯೋಧನೊಬ್ಬ +1 ಪ್ಲೇಟ್ ಕವಚ ತೊಟ್ಟು +1 ಗುರಾಣಿ ಹಿಡಿದರೆ ಅವನದು 0. ಕವಚ ತೊಡಲು ಅನುಮತಿಯೇ ಇಲ್ಲದ ಮಾಂತ್ರಿಕೆ ಆರ್ಮರ್ ಕ್ಲಾಸ್ 4 ಕೊಡುವ ಮುಂಗೈಪಟ್ಟಿ, +2 ಉಂಗುರ, +2 ಮೇಲಂಗಿ ಸಂಪಾದಿಸಿದರೆ ಅವಳದೂ 0. ಅಂದರೆ ಆ ಉಂಗುರ ಮೇಲಂಗಿಗಳನ್ನು ಹೊಸೆದದ್ದು ಕವಚ ಇಲ್ಲದವರಿಗಾಗಿ. ಕವಚ ಇದ್ದವರು ಅದನ್ನೂ ಬಾಚಿಕೊಳ್ಳದಂತೆ ಷರತ್ತು. ಆದರೆ ಎಡವಟ್ಟೂ ಇತ್ತು. ಸಾದಾ ಪ್ಲೇಟ್ ಕವಚದ ಮೇಲೆ +3 ಉಂಗುರ ಹಾಕಿದರೆ 0. ಅದೇ ಯೋಧ +1 ಮಂತ್ರಕವಚಕ್ಕೆ ಬದಲಾಯಿಸಿದರೆ ಉಂಗುರ ಮೌನವಾಗಿ 2. ಸಿಕ್ಕ ಮಂತ್ರಕವಚವನ್ನು ಮೂಟೆ ಕಟ್ಟಿ, ಕಮ್ಮಾರನ ಬಳಿ ಕೊಂಡ ಮಾಮೂಲಿ ಕವಚ ತೊಡುವುದೇ ಜಾಣತನವಾಯಿತು.

1989ರ ಎರಡನೆಯ ಆವೃತ್ತಿ ಇದನ್ನು ಹೆಚ್ಚು ಕಡಿಮೆ ಹಾಗೆಯೇ ಉಳಿಸಿಕೊಂಡು, -10ಕ್ಕೆ ಒಂದು ಗಟ್ಟಿ ನೆಲ ಹಾಕಿತು. ಪ್ಲೇಟ್ +5, ಗುರಾಣಿ +5, ಚುರುಕುತನ 18 ಇದ್ದವನ ಲೆಕ್ಕ -12ಕ್ಕೆ ಇಳಿಯುತ್ತದೆ; ಕೊನೆಯ ಎರಡು ಅಂಕ ಗಾಳಿಗೆ.

ನಿಜವಾದ ಕ್ರಾಂತಿ ಆದದ್ದು 2000ದಲ್ಲಿ, ಮೂರನೆಯ ಆವೃತ್ತಿಯಲ್ಲಿ. ಆಟವನ್ನು ಪ್ರಕಟಿಸುತ್ತಿದ್ದ ಹಳೆಯ ಟಿಎಸ್‌ಆರ್ ಕಂಪನಿಯನ್ನು 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತ್ತು. ಮಾಂಟಿ ಕುಕ್, ಜೊನಾಥನ್ ಟ್ವೀಟ್, ಸ್ಕಿಪ್ ವಿಲಿಯಮ್ಸ್ ಮೂವರೂ ಸೇರಿ ಆರ್ಮರ್ ಕ್ಲಾಸನ್ನು ಮೇಲ್ಮುಖ ಮಾಡಿದರು; ವಸ್ತುವಿಗೊಂದು ಷರತ್ತು ಬರೆಯುವ ಬದಲು ಪ್ರತಿ ಪ್ಲಸ್‌ಗೂ ಒಂದು ಜಾತಿ ಕೊಟ್ಟರು. ಕವಚದ್ದು ಒಂದು ಜಾತಿ, ಗುರಾಣಿಯದು ಇನ್ನೊಂದು. ಚರ್ಮವೇ ಗಟ್ಟಿಯಿದ್ದರೆ ‘ನೈಸರ್ಗಿಕ ಕವಚ’. ಏಟನ್ನು ಅದೃಶ್ಯವಾಗಿ ಪಕ್ಕಕ್ಕೆ ಸರಿಸುವುದು ‘ಡಿಫ್ಲೆಕ್ಷನ್’. ರಕ್ಷಣೆಯ ಉಂಗುರ ಈ ಗುಂಪಿಗೆ ಸೇರಿತು. ತಪ್ಪಿಸಿಕೊಳ್ಳುವುದು ‘ಡಾಜ್’. ಇದ್ದುದನ್ನು ಮೇಲೇರಿಸುವುದು ‘ಎನ್‌ಹಾನ್ಸ್‌ಮೆಂಟ್’. ಅದೃಷ್ಟ, ಅಂತರ್ದೃಷ್ಟಿ, ಪವಿತ್ರ, ಅಪವಿತ್ರ ಎಂದು ಪಟ್ಟಿ ಮುಂದುವರಿಯುತ್ತದೆ. ಸೂತ್ರ ಸರಳ: ಬೇರೆ ಬೇರೆ ಜಾತಿಯವು ಕೂಡುತ್ತವೆ, ಒಂದೇ ಜಾತಿಯವು ಕೂಡುವುದಿಲ್ಲ, ದೊಡ್ಡದು ಮಾತ್ರ ನಿಲ್ಲುತ್ತದೆ. ಡಾಜ್ ಒಂದಕ್ಕೆ ವಿನಾಯಿತಿ. ಅದು ಎಷ್ಟಿದ್ದರೂ ಕೂಡುತ್ತದೆ, ಆದರೆ ಮೈಮರೆತಾಗ ಹೊಡೆದರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ.

ಈ ಪದ್ಧತಿಯ ಬಗ್ಗೆ ಜನ ಏನೇ ಗೊಣಗಲಿ, ನನಗೆ ಇದರಲ್ಲಿ ಇಷ್ಟವಾಗುವುದು ಅದು ಕೇಳುವ ಪ್ರಶ್ನೆ: ಈ ರಕ್ಷಣೆ ಎಲ್ಲಿಂದ ಬರುತ್ತಿದೆ? ಲೋಹದಿಂದಲೇ, ಮಾಂಸದಿಂದಲೇ, ಗಾಳಿಯಲ್ಲಿ ನಿಂತ ಶಕ್ತಿಯಿಂದಲೇ, ದೇವರಿಂದಲೇ? ಆಟಗಾರ ಪಾತ್ರದ ಮೈಯನ್ನು ಪದರ ಪದರವಾಗಿ ಕಲ್ಪಿಸಿಕೊಳ್ಳಬೇಕಾಗುತ್ತದೆ. ನಮ್ಮ ಕರ್ಣನನ್ನು ಈ ನಿಯಮದೊಳಗೆ ತಂದರೆ ಸ್ವಾರಸ್ಯವಿದೆ. ಅವನ ಕವಚ ಹುಟ್ಟಿನಿಂದ ಬಂದದ್ದು, ಹಾಗಾಗಿ ನೈಸರ್ಗಿಕ ಜಾತಿ. ಮೇಲೆ ಇನ್ನೊಂದು ಉಕ್ಕಿನ ಕವಚ ತೊಟ್ಟರೂ ಎರಡೂ ಕೂಡುತ್ತವೆ. ಕುಂಡಲಗಳದ್ದೇ ಪೇಚು. ಆ ಆವೃತ್ತಿಯಲ್ಲಿ ತಲೆ, ಕಣ್ಣು, ಕೊರಳು, ಸೊಂಟ, ಕೈಕಾಲು, ಎರಡು ಉಂಗುರ ಹೀಗೆ ಮಂತ್ರವಸ್ತುಗಳಿಗೆ ಮೈಯಲ್ಲಿ ಗೊತ್ತಾದ ಜಾಗಗಳಿವೆ. ಕಿವಿಗೆ ಜಾಗ ಮಾಡಿಲ್ಲ.

ಈ ಮೈಯ ಲೆಕ್ಕ ಭೂತಗಳೆದುರು ಇನ್ನೂ ಚೆನ್ನಾಗಿ ಕಾಣುತ್ತದೆ. ದೇಹವಿಲ್ಲದ ಪ್ರೇತದ ಕೈ ಉಕ್ಕನ್ನು ದಾಟಿ ಒಳಗೆ ಬರುತ್ತದೆ. ಪ್ಲೇಟ್ ಕವಚದ +8 ಅದಕ್ಕೆ ಗಾಳಿ. ಆದರೆ ಮುಂಗೈಪಟ್ಟಿಗಳು, ‘ಮೇಜ್ ಆರ್ಮರ್’ ಎಂಬ ಮಂತ್ರ ಇವೆಲ್ಲ ಶುದ್ಧ ಶಕ್ತಿಯ ಕವಚಗಳು. ಪ್ರೇತವೂ ಅವನ್ನು ದಾಟಲಾರದು. ಮಂತ್ರದ +4 ಪ್ಲೇಟ್ ಕವಚದ +8ರ ಜೊತೆ ಕೂಡುವುದಿಲ್ಲ, ಎರಡೂ ಕವಚದ ಜಾತಿಯವೇ. ಹಾಗೆಂದು ಯೋಧನ ಮೇಲೆ ಆ ಮಂತ್ರ ಹಾಕುವುದು ದಂಡವಲ್ಲ: ದೊಡ್ಡದು ಬಿದ್ದುಹೋದ ಕಡೆ ಸಣ್ಣದು ಎದ್ದು ನಿಲ್ಲುತ್ತದೆ. ‘ಕೂಡುವುದಿಲ್ಲ’ ಎನ್ನುವುದಕ್ಕೂ ‘ಇಲ್ಲ’ ಎನ್ನುವುದಕ್ಕೂ ಇರುವ ಅಂತರ ಹೊಸ ಆಟಗಾರರಿಗೆ ಅರ್ಥವಾಗುವುದು ಸಾಮಾನ್ಯವಾಗಿ ಮೊದಲ ಸ್ಮಶಾನದಲ್ಲಿ.

ಈ ಪದ್ಧತಿ ಕೆಟ್ಟದ್ದು ಬೆಲೆಪಟ್ಟಿಯಲ್ಲಿ. 2003ರ ಪರಿಷ್ಕೃತ 3.5 ಆವೃತ್ತಿಯಲ್ಲಿ ಕವಚದ ಪ್ಲಸ್‌ಗೆ ಅದರ ವರ್ಗವನ್ನು ಸಾವಿರದಿಂದ ಗುಣಿಸಿದಷ್ಟು ಚಿನ್ನದ ನಾಣ್ಯ: +1ಕ್ಕೆ 1,000, +2ಕ್ಕೆ 4,000, +5ಕ್ಕೆ 25,000. ರಕ್ಷಣೆಯ ಉಂಗುರಕ್ಕೂ ನೈಸರ್ಗಿಕ ಕವಚದ ತಾಯಿತಕ್ಕೂ ಅದರ ಎರಡರಷ್ಟು. ವರ್ಗದ ದರ ಇಟ್ಟದ್ದು ದುರಾಸೆಗೆ ಕಡಿವಾಣ ಹಾಕಲು. ಆಟಗಾರರು ಅದನ್ನು ಬೇರೆಯೇ ರೀತಿ ಓದಿದರು. ಒಂದೇ ಕವಚವನ್ನು +4ಕ್ಕೆ ಏರಿಸಲು 16,000 ಬೇಕು. ಕವಚಕ್ಕೆ +1, ಗುರಾಣಿಗೆ +1, ಉಂಗುರ +1, ತಾಯಿತ +1 ಎಂದು ಹಂಚಿದರೆ ಅದೇ ನಾಲ್ಕು ಅಂಕ 6,000ಕ್ಕೆ. ಜಾತಿ ಬೇರೆಯಾದರೆ ಕೂಡುತ್ತದೆ ಎಂಬ ನಿಯಮ, ಏರಿದಷ್ಟೂ ದುಬಾರಿ ಎಂಬ ನಿಯಮ, ಎರಡೂ ಸೇರಿ ಒಂದೇ ಕಡೆಗೆ ನೂಕಿದವು: ಮೈಯ ಪ್ರತಿ ಜಾಗಕ್ಕೂ ಒಂದೊಂದು ಸಣ್ಣ ಪ್ಲಸ್ ತೂಗುಹಾಕು. ಕೆಲವು ಹಂತ ದಾಟಿದ ಪ್ರತಿ ಪಾತ್ರವೂ ಅದೇ ಆರು ಬಗೆಯ ವಸ್ತುಗಳನ್ನು ಧರಿಸಿ ನಿಂತಿತು. ಅಮೆರಿಕದ ಆಟಗಾರರು ಇದಕ್ಕೆ ‘ಕ್ರಿಸ್‌ಮಸ್ ಟ್ರೀ’ ಎಂದು ಹೆಸರಿಟ್ಟರು. ನಮ್ಮವರಾದರೆ ಊರಮ್ಮನ ಜಾತ್ರೆಯ ತೇರು ಎನ್ನುತ್ತಿದ್ದರೇನೋ.

ತೇರಿನ ಪೂರ್ತಿ ಅಲಂಕಾರ ಹೀಗಿರುತ್ತದೆ. ಮೂಲ 10, ಪ್ಲೇಟ್ ಕವಚ 8, ಅದರ ಮಂತ್ರ 5, ದೊಡ್ಡ ಗುರಾಣಿ 2, ಅದರ ಮಂತ್ರ 5, ಚುರುಕುತನ 1, ಏಕೆಂದರೆ ಆ ಕವಚದೊಳಗೆ ಅದಕ್ಕಿಂತ ಹೆಚ್ಚು ಮೈ ಬಾಗದು, ಉಂಗುರ 5, ತಾಯಿತ 5. ಒಟ್ಟು 41. ಖರ್ಚು ಒಂದೂವರೆ ಲಕ್ಷ ನಾಣ್ಯದ ಆಸುಪಾಸು. ಇಪ್ಪತ್ತನೆಯ ಹಂತದ ಪಾತ್ರಕ್ಕೆ ಪುಸ್ತಕ ನಿಗದಿ ಮಾಡಿದ ಆಸ್ತಿ 7,60,000. ಹಾಗಾಗಿ ಇದು ಅಂಥ ದುಂದೇನಲ್ಲ.

ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರೂ ಇದ್ದರು. ಅವರ ಕೈಚಳಕಕ್ಕೆ ಅತ್ಯುತ್ತಮ ಮಾದರಿ ‘ಮ್ಯಾಜಿಕ್ ವೆಸ್ಟ್‌ಮೆಂಟ್’ ಎಂಬ ಪೂಜಾರಿ ಮಂತ್ರ. 3.5ರಲ್ಲಿ ಕವಚಕ್ಕೆ ಬರೀ ಪ್ಲಸ್ ಅಲ್ಲದೆ ವಿಶೇಷ ಗುಣಗಳನ್ನೂ ಕೂರಿಸಬಹುದು. ಮರ್ಮಕ್ಕೆ ಬೀಳುವ ಏಟನ್ನು ಪೂರ್ತಿ ತಡೆಯುವ ‘ಹೆವಿ ಫಾರ್ಟಿಫಿಕೇಷನ್’ ಎಂಬ ಗುಣಕ್ಕೆ +5ರ ತೂಕ. ನಿಜವಾದ ಪ್ಲಸ್ ಐದಕ್ಕೆ ನಿಲ್ಲಬೇಕು, ಪ್ಲಸ್ ಮತ್ತು ಗುಣಗಳ ಒಟ್ಟು ತೂಕ ಹತ್ತಕ್ಕೆ ನಿಲ್ಲಬೇಕು, ಗುಣ ಕೂರಿಸಲು ಕವಚ ಕನಿಷ್ಠ +1 ಆಗಿರಬೇಕು. +5 ಕವಚಕ್ಕೆ ಈ ಗುಣ ಕೂರಿಸಿದರೆ ಒಟ್ಟು ಹತ್ತು, ಬೆಲೆ 1,00,000. ಜಾಣ ಏನು ಮಾಡುತ್ತಾನೆ? ಬರೀ +1 ಕವಚಕ್ಕೆ ಅದೇ ಗುಣ ಹಾಕಿಸುತ್ತಾನೆ. ಒಟ್ಟು ಆರು, ಬೆಲೆ 36,000. ಆಮೇಲೆ ದಿನಾ ಬೆಳಿಗ್ಗೆ ಜೊತೆಗಾರ ಪೂಜಾರಿ ಕವಚ ಮುಟ್ಟಿ ಮಂತ್ರ ಹೇಳುತ್ತಾನೆ. ಅದು ಪೂಜಾರಿಯ ಪ್ರತಿ ನಾಲ್ಕು ಹಂತಕ್ಕೆ +1ರಂತೆ, ಹೆಚ್ಚೆಂದರೆ +5ವರೆಗೆ, ಹಂತಕ್ಕೊಂದು ಗಂಟೆಯಂತೆ ನಿಲ್ಲುತ್ತದೆ. ಹನ್ನೆರಡನೆಯ ಹಂತದವನಾದರೆ ಹನ್ನೆರಡು ಗಂಟೆ, +3. ಕವಚದ +1ಕ್ಕೂ ಮಂತ್ರದ್ದಕ್ಕೂ ಒಂದೇ ಜಾತಿ, ಕೂಡುವುದಿಲ್ಲ; ದೊಡ್ಡದು ನಿಲ್ಲುತ್ತದೆ. ನಿಲ್ಲಲಿ, ಬೇಕಾದ್ದೇ ಅದು. 64,000 ನಾಣ್ಯ ಉಳಿಯಿತು.

ಗಮನಿಸಿ, ಇಲ್ಲಿ ಯಾರೂ ನಿಯಮ ಮುರಿದಿಲ್ಲ. ಪೇರಿಸುವುದನ್ನು ತಡೆಯಲು ಬರೆದ ‘ದೊಡ್ಡದು ಮಾತ್ರ’ ಎಂಬ ಸಾಲೇ ಅಗ್ಗದ ಕವಚವನ್ನು ಲಾಭದ ಕವಚವನ್ನಾಗಿ ಮಾಡಿತು. ಇದಕ್ಕೆ ಮದ್ದೂ ಅದೇ ಪುಸ್ತಕದಲ್ಲಿತ್ತು: ಎದುರಾಳಿ ‘ಡಿಸ್ಪೆಲ್ ಮ್ಯಾಜಿಕ್’ ಹಾಕಿದರೆ ಬೆಳಗಿನ ಮಂತ್ರ ಇಡೀ ದಿನಕ್ಕೆ ಹೋಯಿತು, ಕವಚಕ್ಕೇ ಬೆಸೆದ ಮಂತ್ರವಾದರೆ ಕೆಲವು ಸುತ್ತು ಮಂಕಾಗಿ ಮತ್ತೆ ಮರಳುತ್ತದೆ. ಬಾಳಿಕೆಗೆ ಕೊಟ್ಟ ಬೆಲೆ ಆ 64,000. ಮೇಜಿನಲ್ಲಿ ಎಷ್ಟು ಮಾಸ್ಟರ್‌ಗಳು ಆ ಬಿಲ್ಲನ್ನು ವಸೂಲು ಮಾಡುತ್ತಿದ್ದರು ಎನ್ನುವುದು ಬೇರೆ ಮಾತು.

41ರ ಕೋಟೆಗೆ ಹಿಂಬಾಗಿಲೂ ಇತ್ತು. ಬೆಂಕಿಯ ಉಂಡೆ ಎಸೆದರೆ ಆರ್ಮರ್ ಕ್ಲಾಸನ್ನು ಕೇಳುವವರೇ ಇಲ್ಲ; ತಪ್ಪಿಸಿಕೊಳ್ಳುವ ಚುರುಕು ಬೇಕು ಅಷ್ಟೇ. ಬರೀ ಮುಟ್ಟಿದರೆ ಸಾಕು ಎನ್ನುವ ಮಂತ್ರಗಳಿಗೆ ಕವಚ, ಗುರಾಣಿ, ಗಟ್ಟಿಚರ್ಮ ಮೂರೂ ಲೆಕ್ಕಕ್ಕಿಲ್ಲ. ನಮ್ಮ ತೇರಿನ 41ರಲ್ಲಿ ಆಗ ಉಳಿಯುವುದು 16. ಇಪ್ಪತ್ತನೆಯ ಹಂತದ ಮಾಂತ್ರಿಕನಿಗೆ ಅದು ಕಣ್ಣು ಮುಚ್ಚಿ ಹೊಡೆಯುವ ಗುರಿ. ಯಾವ ರಕ್ಷಣೆಯನ್ನು ಎಲ್ಲಿ ಪೇರಿಸಬೇಕು ಎಂಬ ವಿವೇಚನೆ ಇದ್ದವರು ಅದಕ್ಕೇ ಐದನೆಯ ಪ್ಲಸ್‌ಗಿಂತ ಮೊದಲು ಉಂಗುರದ ಕಡೆ ನೋಡುತ್ತಿದ್ದರು. ಡಿಫ್ಲೆಕ್ಷನ್ ಜಾತಿ ಮುಟ್ಟುವ ಏಟಿಗೂ ನಿಲ್ಲುತ್ತದೆ, ಪ್ರೇತಕ್ಕೂ ನಿಲ್ಲುತ್ತದೆ. ದುಬಾರಿಯಾದದ್ದು ಸುಮ್ಮನೆ ಅಲ್ಲ.

2008ರ ನಾಲ್ಕನೆಯ ಆವೃತ್ತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಂಗುರ, ತಾಯಿತಗಳನ್ನು ಆರ್ಮರ್ ಕ್ಲಾಸಿನಿಂದ ಹೊರಗಿಟ್ಟು, ಕವಚದ ಪ್ಲಸ್ ಐದೈದು ಹಂತಕ್ಕೆ ಒಂದರಂತೆ +6ವರೆಗೆ ಏರುವಂತೆ ಮಾಡಿದರು. ರಾಕ್ಷಸರ ಬಲವನ್ನು ಲೆಕ್ಕ ಹಾಕುವಾಗಲೇ ಈ ಏರಿಕೆಯನ್ನು ಸೇರಿಸಿಬಿಟ್ಟಿದ್ದರಿಂದ ಮಂತ್ರಕವಚ ಬಹುಮಾನವಾಗಿ ಉಳಿಯದೆ ಸಂಬಳವಾಯಿತು; ಸಿಗದಿದ್ದರೆ ತೊಂದರೆ, ಸಿಕ್ಕರೆ ಸಂತೋಷವಿಲ್ಲ. ಮರುವರ್ಷ, 2009ರ ಡಂಜನ್ ಮಾಸ್ಟರ್‌ಗಳ ಎರಡನೆಯ ಕೈಪಿಡಿಯಲ್ಲಿ, ವಸ್ತುಗಳಿಲ್ಲದೆಯೂ ಅದೇ ಪ್ಲಸ್‌ಗಳು ಪಾತ್ರಕ್ಕೆ ತಾನಾಗಿ ಬರುವ ಪರ್ಯಾಯ ನಿಯಮವನ್ನೂ ಕೊಟ್ಟರು. ಮಂತ್ರಕವಚ ಇಲ್ಲದೆಯೂ ಮಂತ್ರಕವಚದ ಗಣಿತ ನಡೆಯುತ್ತದೆ ಎಂದು ಒಪ್ಪಿಕೊಂಡಂತೆ ಇದು.

2014ರ ಐದನೆಯ ಆವೃತ್ತಿ ಜಾತಿಗಳನ್ನೆಲ್ಲ ಅಳಿಸಿಹಾಕಿತು. ಒಂದೇ ಹೆಸರಿನ ಎರಡು ಪರಿಣಾಮ ಕೂಡುವುದಿಲ್ಲ, ಉಳಿದದ್ದೆಲ್ಲ ಕೂಡುತ್ತದೆ. ಅದರ ಬದಲು ಮೂರು ಕಡೆ ಬಾಗಿಲು ಹಾಕಿದರು. ಕವಚದ ಪ್ಲಸ್ ಮೂರಕ್ಕೆ ನಿಲ್ಲುತ್ತದೆ. ಮೂಲ ಅಂಕವನ್ನು ಲೆಕ್ಕ ಹಾಕುವ ಸೂತ್ರಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಮೇಜ್ ಆರ್ಮರ್ ಈಗ +4 ಅಲ್ಲ, ‘13ಕ್ಕೆ ಚುರುಕುತನ ಸೇರಿಸು’ ಎಂಬ ಸೂತ್ರ, ಹಾಗಾಗಿ ಕವಚದ ಜೊತೆ ಕೂಡುವ ಮಾತೇ ಏಳುವುದಿಲ್ಲ. ಇದು ಬಹಳ ಸೊಗಸಾದ ಪರಿಹಾರ, ಅರ್ಧದಷ್ಟು ಹಳೆಯ ಜಗಳಗಳು ಒಂದೇ ಏಟಿಗೆ ಮುಗಿದವು. ಮೂರನೆಯದು ‘ಅಟ್ಯೂನ್‌ಮೆಂಟ್’: ಬಲವಾದ ಮಂತ್ರವಸ್ತುವಿನ ಜೊತೆ ಪಾತ್ರ ಒಂದು ಗಂಟೆಯಾದರೂ ಕೂತು ನಂಟು ಬೆಳೆಸಬೇಕು, ಅಂಥ ನಂಟು ಮೂರಕ್ಕಿಂತ ಹೆಚ್ಚಿಗೆ ಸಲ್ಲದು. ರಕ್ಷಣೆಯ ಉಂಗುರ, ರಕ್ಷಣೆಯ ಮೇಲಂಗಿ ಎರಡೂ ಇದ್ದರೆ ಎರಡು ಅಂಕ ಸಿಗುತ್ತದೆ, ಮೂರರಲ್ಲಿ ಎರಡು ನಂಟು ಮುಗಿದಿರುತ್ತದೆ. ಮಂತ್ರಬಲಕ್ಕೆ ಮಿತಿ ಇಡುವುದು ವಸ್ತುವಲ್ಲ, ಧರಿಸುವವನ ಮನಸ್ಸು ಎಂಬ ಕಲ್ಪನೆ ಕತೆಗೂ ಒಗ್ಗುತ್ತದೆ.

ಆದರೆ +3 ಪ್ಲೇಟ್ ಕವಚಕ್ಕೂ +3 ಗುರಾಣಿಗೂ ಈ ನಂಟು ಬೇಕಿಲ್ಲ! ಒಂದೊಂದು ಅಂಕ ಕೊಡುವ ಉಂಗುರಕ್ಕೆ ಕಾವಲು, ಮೂರು ಮೂರು ಕೊಡುವ ಲೋಹಕ್ಕೆ ಮುಕ್ತದ್ವಾರ. ಪುಸ್ತಕದ ಸಮಾಧಾನ ಏನೆಂದರೆ ಅವು ಅತಿ ವಿರಳ. +3 ಕವಚ ‘ಲೆಜೆಂಡರಿ’ ದರ್ಜೆಯದು, ಸಂತೆಯಲ್ಲಿ ಸಿಗುವುದಲ್ಲ, ಮಾಸ್ಟರ್ ಕೊಟ್ಟರೆ ಉಂಟು. ಕೊಟ್ಟರೆ ಲೆಕ್ಕ ಹೀಗೆ: ಪ್ಲೇಟ್ 18, ಗುರಾಣಿ 2, ಎರಡರ ಮಂತ್ರ 6, ಉಂಗುರ 1, ಮೇಲಂಗಿ 1, ಯೋಧನ ರಕ್ಷಣಾ ಶೈಲಿ 1, ಒಟ್ಟು 29. ಪುರಾತನ ಕೆಂಪು ಡ್ರ್ಯಾಗನ್ನಿನ ಹೊಡೆತದ ಬಲ +17, ಅದಕ್ಕೂ ದಾಳದಲ್ಲಿ 12 ಬೀಳಬೇಕು. ಯೋಧನಿಗೆ ತುಸು ಮಾಂತ್ರಿಕ ವಿದ್ಯೆಯೂ ಗೊತ್ತಿದ್ದು ‘ಶೀಲ್ಡ್’ ಮಂತ್ರ ಹಾಕಲು ಒಂದು ಕೈ ಬಿಡುವಿದ್ದರೆ ಇನ್ನೂ 5, ಒಟ್ಟು 34. ಆಗ ಡ್ರ್ಯಾಗನ್ನಿಗೆ 17 ಬೇಕು. ಈ ಆವೃತ್ತಿ ಅಂಕಗಳು ಹಂತದ ಜೊತೆ ಹುಚ್ಚೆದ್ದು ಏರಬಾರದು, ಮೊದಲ ಹಂತದ ಗಾಬ್ಲಿನ್ನೂ ಗುಂಪಾಗಿ ಬಂದರೆ ಅಪಾಯವಾಗಿಯೇ ಉಳಿಯಬೇಕು ಎಂಬ ತತ್ತ್ವದ ಮೇಲೆ ನಿಂತಿದೆ. ಗಾಬ್ಲಿನ್ನಿನ ಬಲ +4. ಆರ್ಮರ್ ಕ್ಲಾಸ್ 24 ದಾಟಿದ ಮೇಲೆ ಅದಕ್ಕೆ 20ರ ಅದೃಷ್ಟ ಬಿಟ್ಟರೆ ಬೇರೆ ಗತಿಯಿಲ್ಲ. ತತ್ತ್ವ ಸೋಲುವುದು ಹೀಗೆ, ಎರಡು ಲೋಹದ ವಸ್ತು ಮತ್ತು ಒಂದು ಸಣ್ಣ ಮಂತ್ರದಿಂದ. ಶೀಲ್ಡ್ ಮಂತ್ರವನ್ನು ಕವಚ ತೊಟ್ಟವರಿಗೆ ನಿಷೇಧಿಸಿದ್ದರೆ ಈ ಆವೃತ್ತಿಯ ಅರ್ಧ ತಲೆನೋವು ಇರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. 1979ರ ಉಂಗುರದ ಷರತ್ತಿನಂಥ ಒಂದು ಸಾಲು ಸಾಕಿತ್ತು.

ಈ ನಿಯಮಗಳನ್ನು ಕಂಪ್ಯೂಟರಿನ ಮೂಲಕವೇ ಬಲ್ಲವರಿಗೆ ಒಂದು ಎಚ್ಚರಿಕೆ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಇದೇ ಐದನೆಯ ಆವೃತ್ತಿಯ ಮೇಲೆ ಕಟ್ಟಿದ ಆಟವಾದರೂ ಅದರಲ್ಲಿ ಅಟ್ಯೂನ್‌ಮೆಂಟ್ ಇಲ್ಲ. ಅಲ್ಲಿ ಕಲಿತ ಪೇರಿಸುವ ಚಾಳಿಯನ್ನು ಮೇಜಿಗೆ ತಂದವರು ಮೂರನೆಯ ವಸ್ತುವಿನ ನಂತರ ಪೆಚ್ಚಾಗುತ್ತಾರೆ.

ಮೂರನೆಯ ಆವೃತ್ತಿಯ ವಂಶ ಇನ್ನೊಂದು ಮನೆಯಲ್ಲಿ ಮುಂದುವರಿಯಿತು. ಪೈಜೊ ಕಂಪನಿ 2009ರಲ್ಲಿ ತಂದ ‘ಪಾತ್‌ಫೈಂಡರ್’ ಅದೇ ಜಾತಿಪದ್ಧತಿಯನ್ನು ಹೊತ್ತು ತಂದಿತ್ತು. 2019ರ ಎರಡನೆಯ ಆವೃತ್ತಿಯಲ್ಲಿ ಅವರು ಮನೆ ಗುಡಿಸಿದರು. ಈಗ ಉಳಿದಿರುವುದು ಮೂರೇ ಜಾತಿ: ವಸ್ತುವಿನಿಂದ ಬರುವುದು, ಸನ್ನಿವೇಶದಿಂದ ಬರುವುದು, ಮಂತ್ರ ಅಥವಾ ಆಶೀರ್ವಾದದಿಂದ ಬರುವುದು. ಕವಚಕ್ಕೆ ರೂನ್ ಎಂಬ ಅಕ್ಷರಗಳನ್ನು ಕೆತ್ತಿಸುತ್ತಾರೆ. ರಕ್ಷಣೆಯ ರೂನ್ +1 ಐದನೆಯ ಹಂತಕ್ಕೆ, +2 ಹನ್ನೊಂದಕ್ಕೆ, +3 ಹದಿನೆಂಟಕ್ಕೆ. ರೂನಿನ ಪ್ಲಸ್ ಎಷ್ಟೋ ಅಷ್ಟೇ ವಿಶೇಷ ಗುಣಗಳಿಗೆ ಜಾಗ. ಅಗ್ಗದ +1 ಕವಚಕ್ಕೆ ಗುಣಗಳ ಮೂಟೆ ಹೇರುವ ಹಳೆಯ ಜಾಣತನಕ್ಕೆ ಅಲ್ಲಿಗೇ ಬೀಗ. ಗುರಾಣಿ ಕೈಯಲ್ಲಿದ್ದರೆ ಸಾಲದು, ಪ್ರತಿ ಸುತ್ತಿನಲ್ಲೂ ಎತ್ತಿ ಹಿಡಿಯುತ್ತೇನೆಂದು ಒಂದು ಕ್ರಿಯೆ ಖರ್ಚು ಮಾಡಬೇಕು.

ಅಲ್ಲಿ ಒಂದು ಪ್ಲಸ್‌ನ ತೂಕವೂ ಬೇರೆ. ಗುರಿಗಿಂತ ಹತ್ತು ಹೆಚ್ಚು ಬಿದ್ದರೆ ಏಟು ಇಮ್ಮಡಿಯಾಗುತ್ತದೆ. ರಾಕ್ಷಸನಿಗೆ 8 ಬಿದ್ದರೆ ಏಟು ಎನ್ನುವಾಗ 18ರಿಂದ ಮೇಲೆ ಇಮ್ಮಡಿ; ಇಪ್ಪತ್ತು ಹೊಡೆತದಲ್ಲಿ ಸರಾಸರಿ ಹದಿಮೂರು ಏಟು, ಅದರಲ್ಲಿ ಮೂರು ಇಮ್ಮಡಿ, ಒಟ್ಟು ಹದಿನಾರು ಪಾಲು ಪೆಟ್ಟು. ಒಂದೇ ಪ್ಲಸ್ ಸೇರಿಸಿ: ಹನ್ನೆರಡು ಏಟು, ಎರಡು ಇಮ್ಮಡಿ, ಹದಿನಾಲ್ಕು ಪಾಲು. ಎಂಟರಲ್ಲಿ ಒಂದು ಪಾಲು ತಪ್ಪಿತು. ಪ್ಲಸ್‌ಗಳು ಕಡಿಮೆ, ಆದರೆ ಪ್ರತಿಯೊಂದೂ ಮೈಗೆ ತಾಗುತ್ತದೆ. ಮೇಜಿನಲ್ಲಿ ಗಣಿತ ಸಲೀಸಾಗಿ ನಡೆಯಬೇಕೆಂದರೆ ಸದ್ಯಕ್ಕೆ ಇದೇ ಎಲ್ಲಕ್ಕಿಂತ ಅಚ್ಚುಕಟ್ಟು. ಭೂತದೆದುರು ಮುಂಗೈಪಟ್ಟಿ ಮಿನುಗುವ ಹಳೆಯ ಮಜ ಮಾತ್ರ ಇದರಲ್ಲಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕವಚ ಏಟನ್ನು ತಪ್ಪಿಸುತ್ತದೆ ಎಂದು ನಂಬಿದ ಆಟಗಳ ಕತೆ. ನಿಜಲೋಕದ ಕವಚ ಏಟನ್ನು ತಪ್ಪಿಸುವುದಿಲ್ಲ, ಹೀರುತ್ತದೆ. 1978ರ ‘ರೂನ್‌ಕ್ವೆಸ್ಟ್’ ಈ ದಾರಿ ಹಿಡಿಯಿತು. ಅದರ ಮುಖ್ಯ ಲೇಖಕ ಸ್ಟೀವ್ ಪೆರಿನ್, ಕವಚ ತೊಟ್ಟು ಬಡಿದಾಡುವ ಅಮೆರಿಕದ ಹವ್ಯಾಸಿ ಕೂಟದಲ್ಲಿ ಮೊದಲಿನಿಂದಲೂ ಇದ್ದವರು. ಏಟು ಯಾವ ಅಂಗಕ್ಕೆ ಬಿತ್ತೆಂದು ದಾಳ ಹೇಳುತ್ತದೆ, ಆ ಅಂಗದ ಕವಚ ತನ್ನ ಪಾಲನ್ನು ಕಳೆಯುತ್ತದೆ, ಉಳಿದದ್ದು ಮೈಗೆ. ಇಲ್ಲಿ ಪೇರಿಸಿದರೆ ಆಗುವುದು ಬೇರೆ. ಪ್ಲೇಟ್ ಕವಚ 6 ಹೀರುತ್ತದೆ, ರಕ್ಷಣೆಯ ಮಂತ್ರ ಹೆಚ್ಚೆಂದರೆ 4. ಸಾಮಾನ್ಯ ಕತ್ತಿಯ ಅತಿ ದೊಡ್ಡ ಏಟು 9. ಹೊಡೆಯುವವನ ತೋಳಿನಲ್ಲಿ ವಿಶೇಷ ಬಲ ಇಲ್ಲದಿದ್ದರೆ ಆ ಕತ್ತಿ ಇವನ ಮಟ್ಟಿಗೆ ಮರದ ಕೋಲು. ಪ್ಲಸ್‌ಗಳು ಒಂದೊಂದಾಗಿ ನೆರವಾಗುತ್ತಾ ಹೋಗಿ, ಒಂದು ಗೆರೆ ದಾಟಿದ ಕೂಡಲೇ ಏಟೆಂಬುದೇ ಇಲ್ಲವಾಗುತ್ತದೆ. ಹಾಗೆಂದು ಸೋಲಿಲ್ಲದವನಾಗುವುದಿಲ್ಲ, ‘ಕ್ರಿಟಿಕಲ್’ ಎಂಬ ಅಪರೂಪದ ಏಟು ಬಿದ್ದರೆ ಕವಚವನ್ನು ಪೂರ್ತಿ ದಾಟಿ ಒಳಗೆ ಬರುತ್ತದೆ. ನೂರು ಏಟು ಸುಮ್ಮನೆ ಉದುರಿ, ನೂರೊಂದನೆಯದು ಕಾಲನ್ನೇ ಒಯ್ಯುತ್ತದೆ. ಡಿ ಅಂಡ್ ಡಿಯಿಂದ ಬಂದವರಿಗೆ ಈ ಸ್ವಭಾವ ಒಗ್ಗಲು ಸ್ವಲ್ಪ ಕಾಲ ಬೇಕು. 3.5 ಆವೃತ್ತಿಯವರೂ 2004ರ ಒಂದು ಪೂರಕ ಪುಸ್ತಕದಲ್ಲಿ ಕವಚ ಏಟನ್ನು ಹೀರುವ ಪರ್ಯಾಯ ನಿಯಮ ಕೊಟ್ಟರು. ಅದು ಪರ್ಯಾಯವಾಗಿಯೇ ಉಳಿಯಿತು.

ಇದೇ ರೂನ್‌ಕ್ವೆಸ್ಟ್ 1984ರ ಮೂರನೆಯ ಆವೃತ್ತಿಯಲ್ಲಿ ಕವಚಕ್ಕೆ ಶಾಶ್ವತ ಮಂತ್ರ ಬೆಸೆಯುವ ವಿಧಾನಕ್ಕೆ ಇಟ್ಟ ಬೆಲೆ ಚಿನ್ನವಲ್ಲ. ಬೆಸೆಯುವವನು ತನ್ನ ‘ಪವರ್’ ಎಂಬ ಗುಣದಿಂದ ಅಂಕಗಳನ್ನು ತೆಗೆದು ಕೊಡಬೇಕು, ಅವು ತಾವಾಗಿ ಮರಳುವುದಿಲ್ಲ. ಆ ಗುಣವೇ ಪರರ ಮಾಟವನ್ನು ತಡೆಯುವ ಶಕ್ತಿ, ತನ್ನ ಮಂತ್ರಗಳನ್ನು ನಡೆಸುವ ಇಂಧನ. ಕಳೆದುಕೊಂಡದ್ದನ್ನು ಮತ್ತೆ ಗಳಿಸಬಹುದು, ಆದರೆ ಸಾಹಸಗಳ ನಡುವೆ ನಿಧಾನವಾಗಿ, ದಾಳ ಒಲಿದರೆ. ಎದೆಗವಚವನ್ನು ಮೂರು ಸಲ ಗಟ್ಟಿ ಮಾಡಿಕೊಂಡವನು ಕತ್ತಿಗೆ ಅಂಜಬೇಕಿಲ್ಲ. ಬಾಗಿಲಲ್ಲಿ ನಿಂತ ಮಾಟಗಾತಿಗೆ ಅಂಜಬೇಕು.